ಸೀಟು ಮೂರು ತೂತು ಮುಂದಕ್ಕೆ

1986 ಮೇ 17, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನನಗೇ ಓದಲು ಬರುತ್ತಿಲ್ಲ. ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿದೆ.

ಇದು ರೇಸಿನ ಪುಸ್ತಕ. ಟೈರಿಗೆ ಗಾಳಿ ಎಷ್ಟು, ಮಣ್ಣು ಒದ್ದೆಯೋ ಒಣಗಿತ್ತೋ, ಎಷ್ಟನೆಯವನಾಗಿ ಬಂದೆ, ಇಪ್ಪತ್ತೇಳು ವರ್ಷದಿಂದ ಇಷ್ಟೇ ಬರೆದಿರುವುದು. ಪ್ರತಿ ವರ್ಷ ಮೊದಲ ಪುಟದಲ್ಲಿ ‘ಕಾರು 44, ಚಾಲಕ ವರ್ನ್ ಸ್ಕಾಲಾ’ ಎಂದು ದೊಡ್ಡದಾಗಿ ಬರೆಯುತ್ತೇನೆ. ಈಗ ಬರೆಯಲು ರೇಸಿಲ್ಲ, ಹೊಟ್ಟೆಯುರಿ ಮಾತ್ರ ಇದೆ. ಅದನ್ನೇ ಬರೆಯುತ್ತೇನೆ.

ನಿನ್ನೆ ಹನ್ನೊಂದನೇ ಸುತ್ತಿನಲ್ಲಿ ಗುಂಡಿಗೆ ಚಕ್ರ ಬಿತ್ತು. ಸ್ಟೀರಿಂಗ್ ಗಿರ್ರನೆ ತಿರುಗಿತು. ಹೆಬ್ಬೆರಳು ಸ್ಟೀರಿಂಗಿನ ಕಡ್ಡಿಯೊಳಗಿತ್ತು. ಮಣಿಕಟ್ಟಿನಲ್ಲಿ ಎರಡು ಮೂಳೆ ಹೋದವು. ‘ಹೆಬ್ಬೆರಳು ಹೊರಗಿಡ್ರೋ’ ಅಂತ ಊರಿನ ಹುಡುಗರಿಗೆಲ್ಲ ಪಾಠ ಹೇಳಿದವನು ನಾನು! ಕಾರು ನಿಲ್ಲಿಸುವ ಪಿಟ್ಟಿನಲ್ಲಿ ಎಲ್ಲರೂ ನನ್ನ ಕೈ ನೋಡಿದರು, ಆಮೇಲೆ ನನ್ನ ಹೆಬ್ಬೆರಳು ನೋಡಿದರು. ಬೈದಿದ್ದರೆ ವಾಸಿಯಾಗಿತ್ತು.

ಪ್ಲಾಸ್ಟರ್ ಬಿಚ್ಚುವುದು ಯಾವಾಗ ಅಂದರೆ ಡಾಕ್ಟರು ಸೆಪ್ಟೆಂಬರ್ ಅಂದರು.

ಮೇ 18

ಈ ವರ್ಷ ಮೊದಲ ಎರಡು ವಾರ ಎರಡೂ ರೇಸು ನಾನೇ ಗೆದ್ದಿದ್ದೆ. ಐವತ್ತೊಂದು ವಯಸ್ಸು. ಆರು ಸಲ ಎರಡನೇ ಸ್ಥಾನ. ಒಂದು ಸಲವಾದರೂ ಇಡೀ ವರ್ಷದ ಚಾಂಪಿಯನ್ ಆಗಬೇಕೆಂದು ಎಷ್ಟು ಆಸೆಯಿತ್ತೋ ನನಗೊಬ್ಬನಿಗೇ ಗೊತ್ತು. ಅಳು ಬಂತು. ಗ್ಯಾರೇಜಿನಲ್ಲಿ ಅತ್ತೆ, ಮನೆಯಲ್ಲಲ್ಲ.

ಮೇ 24, ಶನಿವಾರ

ನಮ್ಮ ವಿಲೋ ಕ್ರೀಕ್ ಟ್ರ್ಯಾಕಿನಲ್ಲಿ ಅಂಕ ಹೋಗುವುದು ಕಾರಿನ ನಂಬರಿಗೆ, ಓಡಿಸುವವನಿಗಲ್ಲ. ಹಾಗಾಗಿ ಬದಲಿ ಆಳು ಕೂರಿಸಬಹುದು. ನಿನ್ನೆ ವೆಲ್ಡಿಂಗ್ ಅಂಗಡಿಯ ಗಸ್‌ನನ್ನು ಕೂರಿಸಿದೆ. ಒಳ್ಳೆಯ ಮನುಷ್ಯ. ಎರಡನೇ ಸುತ್ತಿನಲ್ಲಿ ಬೇಲಿಗೆ ಹಿಮ್ಮುಖವಾಗಿ ಹೋಗಿ ಕೂತ. ಇಳಿದು ಬಂದವನು, “ವರ್ನ್, ನಿನ್ನ ಕಾರು ಎಡಕ್ಕೆ ಎಳೀತದೆ” ಅಂದ. ಟ್ರ್ಯಾಕಿನ ನಾಲ್ಕು ತಿರುವೂ ಎಡಕ್ಕೇ ಅಲ್ಲವೇನೋ ಮಹರಾಯ!

ರಾತ್ರಿ ಊಟದಲ್ಲಿ ಹೆಂಡತಿ ಅರ್ಲಿಸ್, “ನಾನು ಓಡಿಸ್ತೀನಿ” ಅಂದಳು. ಆಲೂಗಡ್ಡೆ ಬಡಿಸುತ್ತಾ ಅಂದಳು, ಉಪ್ಪು ಬೇಕಾ ಅಂತ ಕೇಳಿದ ಹಾಗೆ. ನಾನು ನಕ್ಕೆ. ಅವಳು ನಗಲಿಲ್ಲ.

“ನಿನಗೆ ನಲವತ್ತೆಂಟು ಕಣೇ.”

“ನಿನಗೆ ಐವತ್ತೊಂದು. ಹೆಬ್ಬೆರಳು ಎಲ್ಲಿಡಬೇಕು ಅಂತ ನನಗೆ ಗೊತ್ತು.”

ನನ್ನ ಹೆಂಡತಿ ಹತ್ತೊಂಬತ್ತು ವರ್ಷದಿಂದ ಟ್ರ್ಯಾಕಿನ ನೀರಿನ ಲಾರಿ ಓಡಿಸುತ್ತಾಳೆ. ಶುಕ್ರವಾರ ಮಧ್ಯಾಹ್ನದಿಂದ ಮಣ್ಣಿಗೆ ನೀರು ಹೊಡೆದು ಹದ ಮಾಡುತ್ತಾಳೆ. ಆ ಟ್ರ್ಯಾಕನ್ನು ಅವಳಷ್ಟು ಸಲ ಸುತ್ತಿದವರು ಯಾರೂ ಇಲ್ಲ, ನಿಜ. ಆದರೆ ಗಂಟೆಗೆ ಹತ್ತು ಮೈಲಿಯಲ್ಲಿ! ಅರವತ್ತಮೂರನೇ ಇಸವಿಯಲ್ಲಿ ಹೆಂಗಸರ ರೇಸು ಒಂದನ್ನು ಗೆದ್ದಿದ್ದಳು. ವರ್ಷಕ್ಕೊಂದು ಸಲ ಜನ ನಗಲಿ ಅಂತ ಇಡುತ್ತಿದ್ದ ರೇಸು ಅದು.

ಬೇರೆ ಯಾರಾದರೂ ಸಿಗುವವರೆಗೆ ಅಂತ ಒಪ್ಪಿಕೊಂಡೆ.

ಮೇ 29

ಸೀಟನ್ನು ಮೂರು ತೂತು ಮುಂದಕ್ಕೆ ಸರಿಸಿ ಬೋಲ್ಟ್ ಬಿಗಿದೆವು. ಆದರೂ ಅವಳ ಕಾಲು ಎಟಕಲಿಲ್ಲ. ಪೆಡಲ್ಲಿಗೆ ಮರದ ತುಂಡು ಕಟ್ಟಿದೆ. ನಾಲ್ಕು ಬೋಲ್ಟು, ಒಂದು ಮರದ ತುಂಡು. ಹತ್ತು ನಿಮಿಷದಲ್ಲಿ ಬಿಚ್ಚಬಹುದು.

ಮೇ 31

ಒಂಬತ್ತನೆಯವಳು. ಇಪ್ಪತ್ತು ಕಾರಿನಲ್ಲಿ. ತಿರುವು ಬರುವ ಮೊದಲೇ ಕಾಲು ತೆಗೆಯುತ್ತಾಳೆ. ಹೇಳಿದೆ. “ಹೂಂ” ಅಂದಳು.

ಜೂನ್ 7

ಆರನೆಯವಳು. ಆದರೆ ಜಗಳ.

ನಾನು ಯಾವತ್ತೂ ಕೆಳಗಿನ ಸಾಲು ಹಿಡಿದು ಓಡಿಸುವವನು. ಒಳ ಅಂಚಿಗೆ ಅಂಟಿಕೊಂಡರೆ ದೂರ ಕಮ್ಮಿ. ಇವಳು ಮೂರನೇ ತಿರುವಿನಲ್ಲಿ ಮೇಲೆ ಮೇಲೆ ಹೋಗಿ ಹೊರಗಿನ ಬೇಲಿ ಸವರಿಕೊಂಡು ಬರುತ್ತಾಳೆ. ಇಳಿದ ಕೂಡಲೇ ಕೇಳಿದೆ.

“ಕೆಳಗೆ ಹಿಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?”

“ಮೂರನೇ ತಿರುವಲ್ಲಿ ಬೇಲಿ ಕೆಳಗೆ ಹಳೇ ಚರಂಡಿ ಇದೆ. ಎಲ್ಲಾ ಒಣಗಿದ್ರೂ ಅಲ್ಲಿ ತೇವ ನಿಲ್ಲುತ್ತೆ. ಚಕ್ರಕ್ಕೆ ಹಿಡಿತ ಅಲ್ಲೇ ಸಿಗೋದು.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ ಇದನ್ನ?”

“ಹೇಳಿದ್ದೆ. ಎಪ್ಪತ್ತೊಂದರಲ್ಲಿ. ‘ಊಟಕ್ಕೇನಿದೆ’ ಅಂದೆ ನೀನು.”

ಸುಳ್ಳಿರಬೇಕು ಅಂತ ಎಪ್ಪತ್ತೊಂದರ ಪುಸ್ತಕ ತೆಗೆದು ನೋಡಿದೆ. ಜುಲೈ 9: ‘ಮಣ್ಣು ಒಣ. ನಾಲ್ಕನೆಯವನು. ಅರ್ಲಿಸ್ ಚರಂಡಿ ಬಗ್ಗೆ ಏನೋ ಹೇಳುತ್ತಿದ್ದಳು. ಊಟಕ್ಕೆ ಕೋಳಿ.’ ಪುಸ್ತಕ ಮತ್ತೆ ಮೇಲಿಟ್ಟೆ. ಅವಳಿಗೆ ತೋರಿಸಲಿಲ್ಲ.

ಜೂನ್ 14

ಮೂರನೆಯವಳು. ಎಲ್ಲರಿಗೂ ಉರಿ ಹತ್ತಿಕೊಂಡಿತು.

ಲೀಲಂಡ್ ವಾಸ್ ಬಂದ. ಐದು ಸಲ ಚಾಂಪಿಯನ್, ಹದಿನೆಂಟನೇ ನಂಬರಿನ ಕಾರು, ನಾನು ಎರಡನೆಯವನಾದ ಆರು ಸಲದಲ್ಲಿ ನಾಲ್ಕು ಸಲ ಗೆದ್ದವನು ಅವನೇ. ಟ್ರ್ಯಾಕಿನ ಯಜಮಾನ ಆರಿನ್‌ಗೆ ಎಲ್ಲರೆದುರೇ ಹೇಳಿದ, “ಮಧ್ಯಾಹ್ನ ತನಗೆ ಬೇಕಾದ ಕಡೆ ನೀರು ಹೊಡಿಯೋದು, ಸಂಜೆ ಅಲ್ಲೇ ಗಾಡಿ ಓಡಿಸೋದು. ಇದ್ಯಾವ ಸೀಮೆ ನ್ಯಾಯ ಸ್ವಾಮಿ?”

ನನಗೆ ಅವನ ಮೂತಿಗೆ ಪ್ಲಾಸ್ಟರಿನಿಂದಲೇ ಒಂದು ಇಡೋಣ ಅನ್ನಿಸಿತು. ಆರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅರ್ಲಿಸ್, ಅವನು ಹೇಳೋದ್ರಲ್ಲೂ ಅರ್ಥ ಇದೆ. ಲಾರಿ ಇಲ್ಲಾ ಕಾರು. ಒಂದು ಹೇಳಮ್ಮ.”

ಲಾರಿ ಅವಳ ಜೀವ. ಅದರ ಮುಂದುಗಡೆ ಅವಳ ಕುಶನ್ನು, ಅವಳ ರೇಡಿಯೋ, ಕನ್ನಡಿಗೆ ಕಟ್ಟಿದ ಅವಳ ಅಮ್ಮನ ಕರವಸ್ತ್ರ. ಲಾರಿಯನ್ನೇ ಹೇಳುತ್ತಾಳೆ ಅಂದುಕೊಂಡೆ. ಅವಳು ಲಾರಿ ಹತ್ತಿ ಕುಶನ್ನು ತೆಗೆದುಕೊಂಡು ಬಂದು ನನ್ನ ಕೈಗೆ ಕೊಟ್ಟಳು. “ಕಾರಲ್ಲಿ ಇಡು, ಬೆನ್ನಿಗೆ ಬೇಕು” ಅಂದಳು.

ಲಾರಿಗೆ ಈಗ ಆರಿನ್‌ನ ಬಾಮೈದ ಡೆಲ್ಬರ್ಟ್. ಬಚ್ಚಲು ತೊಳೆಯುವವನ ಹಾಗೆ ನೀರು ಸುರಿಯುತ್ತಾನೆ.

ಜೂನ್ 19

ಇವತ್ತು ಅವಳಿಗೆ ತೂಕದ ಪಾಠ. ಗೆದ್ದ ಕಾರು ಟ್ರ್ಯಾಕಿನಿಂದ ನೇರ ತೂಕದ ಕಟ್ಟೆಗೆ ಹೋಗಬೇಕು. ಮೂರು ಸಾವಿರ ಪೌಂಡಿಗಿಂತ ಕಮ್ಮಿ ಇರಬಾರದು. ನಡುವೆ ಎಲ್ಲಿ ನಿಂತರೂ, ಯಾರು ಕಾರು ಮುಟ್ಟಿದರೂ ಗೆಲುವು ರದ್ದು.

“ಇದನ್ನ ನನಗೆ ಹೇಳ್ತಿರೋದು ಯಾರು ನೋಡಪ್ಪಾ” ಅಂದಳು.

1974. ಕೊನೆಯ ರೇಸು. ನಾನು ಗೆದ್ದಿದ್ದೆ. ಚಾಂಪಿಯನ್ ಆಗಿಬಿಟ್ಟಿದ್ದೆ. ಖುಷಿಯಲ್ಲಿ ತಲೆ ಕೆಟ್ಟು, ಕಾರನ್ನು ನೀರಿನ ಲಾರಿ ಪಕ್ಕ ನಿಲ್ಲಿಸಿ, ಲಾರಿ ಮೆಟ್ಟಿಲು ಹತ್ತಿ ಅವಳಿಗೆ ಮುತ್ತು ಕೊಟ್ಟೆ. ಸಾವಿರ ಜನ ಚಪ್ಪಾಳೆ ಹೊಡೆದರು. ತೂಕದ ಕಟ್ಟೆಯವನು ಮಾತ್ರ ಕೆಂಪು ಬಾವುಟ ಹಿಡಿದು ಬಂದ. ಆ ವರ್ಷ ಚಾಂಪಿಯನ್ ಲೀಲಂಡ್.

ಅವಳು ಆವತ್ತಿನಿಂದ ಇವತ್ತಿನವರೆಗೆ ರೇಸು ಗೆದ್ದ ಮೇಲೆ ಟ್ರ್ಯಾಕಿನೊಳಗೆ ನನ್ನ ಹತ್ತಿರ ನಿಂತಿಲ್ಲ.

ಜುಲೈ 5

ಗೆದ್ದಳು!

ಗೆದ್ದಳು, ಗೆದ್ದಳು, ಗೆದ್ದಳು. ಜುಲೈ ನಾಲ್ಕು, ಸ್ವಾತಂತ್ರ್ಯ ದಿನದ ಜನ, ಕೂರಲು ಜಾಗವಿಲ್ಲ. ಡೆಲ್ಬರ್ಟ್ ಕೃಪೆಯಿಂದ ಕೆಳಗೆಲ್ಲ ಕೆಸರು, ಎಲ್ಲರೂ ಜಾರುತ್ತಿದ್ದಾರೆ. ಇವಳು ಮೇಲಿನ ಸಾಲಿನಲ್ಲೇ ಒಬ್ಬೊಬ್ಬರನ್ನೇ ದಾಟಿಕೊಂಡು ಬಂದಳು. ಇಪ್ಪತ್ತೆರಡನೇ ಸುತ್ತಿನಲ್ಲಿ ಲೀಲಂಡ್‌ನನ್ನು ದಾಟಿದಾಗ ನಾನು ಏನು ಕೂಗಿದೆನೋ ಗೊತ್ತಿಲ್ಲ. ಹಿಂದೆ ಕೂತಿದ್ದ ಪಾದ್ರಿಗಳು ಎದ್ದು ಬೇರೆ ಕಡೆ ಹೋದರಂತೆ. ನೇರ ತೂಕದ ಕಟ್ಟೆಗೆ ಹೋದಳು. 3,020. ಸರಿಯಾಗಿತ್ತು.

ಮನೆಗೆ ಬಂದು ನಮ್ಮಮ್ಮನ ಕಾಲದ ಹಾಗೆ ಗಸಗಸೆ ಹಾಕಿ ಕೊಲಾಚಿ ಬನ್ನು ಬೇಯಿಸಿದೆ, ಒಂದೇ ಕೈಯಲ್ಲಿ. ತಳ ಹೊತ್ತಿತು. ಅವಳು ಏಳು ತಿಂದಳು.

ಜುಲೈ 9

ಪೆಡಲ್ಲಿನ ಮರದ ತುಂಡು ಸಡಿಲವಾಗುತ್ತಿತ್ತು. ಗಸ್ ಹತ್ತಿರ ಹೋಗಿ ಕಬ್ಬಿಣದ್ದೇ ಮಾಡಿಸಿ ವೆಲ್ಡ್ ಹಾಕಿಸಿದೆ. ಸುರಕ್ಷತೆಗೆ ಅಷ್ಟೆ.

“ಆಮೇಲೆ ನಿನ್ನ ಉದ್ದ ಕಾಲಿಗೆ ಏನ್ಮಾಡ್ತೀಯ?” ಅಂದ ಗಸ್.

“ಆಮೇಲಿಂದು ಆಮೇಲೆ. ನೀನು ವೆಲ್ಡ್ ಹಾಕು.”

ಆಗಸ್ಟ್ 2

ಮತ್ತೆ ಗೆಲುವು. ಹಿಂದಿನ ಎಡ ಟೈರಿಗೆ ಎರಡು ಪೌಂಡು ಗಾಳಿ ಇಳಿಸಿದ್ದು ನನ್ನ ಯೋಚನೆ. ಅವಳು ಇಳಿದ ಕೂಡಲೇ, “ಟೈರು ಭೇಷಾಗಿತ್ತು ವರ್ನ್” ಅಂದಳು. ಇಡೀ ರಾತ್ರಿ ನಿದ್ದೆ ಬರಲಿಲ್ಲ. ಪ್ಲಾಸ್ಟರಿನೊಳಗೆ ನವೆ ಇರಬೇಕು.

ಆಗಸ್ಟ್ 11

ಹಾಲಿನ ಡೈರಿಯಲ್ಲಿ ಹೊಸ ಗುಮಾಸ್ತ ನನ್ನನ್ನು ನೋಡಿ, “ನೀವು ಅರ್ಲಿಸ್ ಸ್ಕಾಲಾ ಅವರ ಯಜಮಾನರಲ್ವಾ?” ಅಂದ. ಇಪ್ಪತ್ತೇಳು ವರ್ಷ ಓಡಿಸಿದವನು ನಾನು! ಬೈಯಬೇಕೆಂದುಕೊಂಡೆ. “ಹೌದು” ಅಂದೆ. ಪೇಪರಿನಲ್ಲಿ ನಮ್ಮ ಕಾರಿನ ಚಿತ್ರ ಬಂದಿತ್ತು. ಆರು ಪ್ರತಿ ತಂದೆ. ಒಂದು ಹಾಳಾದರೆ ಇರಲಿ ಅಂತ.

ಸೆಪ್ಟೆಂಬರ್ 17

ಪ್ಲಾಸ್ಟರ್ ಬಿಚ್ಚಿದರು. ಕೈ ಒಣಗಿದ ಮೂಲಂಗಿಯ ಹಾಗಿದೆ, ಆದರೆ ಆಡುತ್ತದೆ. “ಕಾರು ಓಡಿಸಬಹುದಾ?” ಅಂದೆ. ಡಾಕ್ಟರು, “ಬೇಡ ಅಂದ್ರೆ ಕೇಳ್ತೀರಾ?” ಅಂದರು.

ಇನ್ನು ಒಂದೇ ರೇಸು. ಇಪ್ಪತ್ತಾರಕ್ಕೆ. ಲೀಲಂಡ್ ನಮಗಿಂತ ಎರಡು ಅಂಕ ಮುಂದಿದ್ದಾನೆ. ಗೆದ್ದವರಿಗೆ ಎರಡನೆಯವರಿಗಿಂತ ನಾಲ್ಕು ಅಂಕ ಹೆಚ್ಚು. ಅಂದರೆ 44 ಗೆದ್ದರೆ ಚಾಂಪಿಯನ್. ಇಲ್ಲದಿದ್ದರೆ ಮತ್ತೆ ಎರಡನೇ ಸ್ಥಾನ, ಏಳನೇ ಸಲ.

ಅರ್ಲಿಸ್ ಸೇಬು ಹೆಚ್ಚುತ್ತಿದ್ದಳು. “ಕೊನೇದು ನಾನು ಓಡಿಸ್ತೀನಿ” ಅಂದೆ.

“ಕಾರು ನಿಂದು” ಅಂದಳು. ತಲೆ ಎತ್ತಲಿಲ್ಲ. ಸೇಬು ಹೆಚ್ಚುತ್ತಲೇ ಇದ್ದಳು. ಎರಡು ಕಡುಬಿಗೆ ಆಗಿ ಮಿಗುವಷ್ಟು ಹೆಚ್ಚಿದಳು.

ಸೆಪ್ಟೆಂಬರ್ 25

ಸೀಟನ್ನು ನನ್ನ ತೂತುಗಳಿಗೆ ಹಿಂದಕ್ಕೆ ಸರಿಸಿದೆ. ಕೂತೆ. ಪೆಡಲ್ಲಿನ ಕಬ್ಬಿಣ ಇತ್ತಲ್ಲ, ಮಂಡಿ ಮಡಚಬೇಕಾಯಿತು. ಅದನ್ನು ಕತ್ತರಿಸಲು ಗಸ್‌ನನ್ನು ಕರೆಯಬೇಕು. ಅವನಿಗೆ ಈ ವಾರ ತುಂಬಾ ಕೆಲಸ. ಸೀಟನ್ನು ಮತ್ತೆ ಮೂರು ತೂತು ಮುಂದಕ್ಕೆ ತಂದು ಬಿಗಿದೆ. ಆ ತೂತುಗಳಲ್ಲಿ ಬೋಲ್ಟು ಚೆನ್ನಾಗಿ ಕೂರುತ್ತದೆ. ಕುಶನ್ನಿನ ಧೂಳು ಕೊಡವಿದೆ. ನಾಳೆ ನೋಡೋಣ.

ಸೆಪ್ಟೆಂಬರ್ 27, ಶನಿವಾರ

ನಿಧಾನವಾಗಿ ಬರೆಯುತ್ತೇನೆ. ಬಲಗೈಯಲ್ಲಿ.

ನಿನ್ನೆ ನಾಲ್ಕು ಗಂಟೆಗೆ ಟ್ರ್ಯಾಕಿಗೆ ಹೋದರೆ ಬರೀ ಧೂಳು. ಮೂರು ವಾರದಿಂದ ಮಳೆಯಿಲ್ಲ, ಜೊತೆಗೆ ಗಾಳಿ. ಡೆಲ್ಬರ್ಟ್ ಬೆಳಿಗ್ಗೆ ಹತ್ತಕ್ಕೇ ನೀರು ಹೊಡೆದು ಮನೆಗೆ ಹೋಗಿ ಮಲಗಿದ್ದನಂತೆ. ಒಂದು ಕಾರು ಸುತ್ತಿದರೆ ಹಿಂದಿನದು ಕಾಣುವುದಿಲ್ಲ. ಆರಿನ್ ಎಲ್ಲರನ್ನೂ ಸೇರಿಸಿದ. “ಕಣ್ಣು ಕಾಣದೆ ಯಾರಾದ್ರೂ ಸತ್ರೆ ನಾನು ಯಾರಿಗೆ ಉತ್ತರ ಕೊಡ್ಲಿ? ರೇಸು ರದ್ದು. ಅಂಕ ಇದ್ದ ಹಾಗೇ. ಲೀಲಂಡ್ ಚಾಂಪಿಯನ್.”

ಟೈರಿನ ಮೇಲೆ ಕೂತುಬಿಟ್ಟೆ.

ಲೀಲಂಡ್ ಮುಂದೆ ಬಂದ. ಬಾಯಲ್ಲಿದ್ದ ಹೊಗೆಸೊಪ್ಪು ಉಗಿದ. “ಬೆಂಚ್ ಮೇಲೆ ಕೂತ್ಕೊಂಡು ಗೆಲ್ಲೋಕೆ ನಾನೇನು ಗುಮಾಸ್ತನಾ? ಲಾರಿ ಬೀಗದ ಕೈ ಅರ್ಲಿಸ್‌ಗೆ ಕೊಡು.”

“ನೀನೇ ಅಲ್ಲವೇನೋ ಬೇಡ ಅಂದಿದ್ದು!” ಅಂದ ಆರಿನ್.

“ಅಂದೆ. ಈಗ ಕೊಡು ಅಂತಿದ್ದೀನಿ.”

ಅರ್ಲಿಸ್ ಬೀಗದ ಕೈ ತೆಗೆದುಕೊಳ್ಳಲಿಲ್ಲ. “ಲೀಲಂಡ್, ನೀವೂ ಲಾರಿ ಹತ್ತಿ. ನನ್ನ ಪಕ್ಕ ಕೂತ್ಕೊಳಿ. ನಾನೆಲ್ಲಿ ಎಷ್ಟು ಹೊಡೀತೀನಿ ಅಂತ ಕಣ್ಣಾರೆ ನೋಡಿ. ಆಮೇಲೆ ಯಾರೂ ಒಂದು ಮಾತು ಆಡಬಾರದು.”

ಇಬ್ಬರೂ ಹತ್ತಿದರು. ಇಡೀ ಪಿಟ್ಟು ನೋಡುತ್ತಾ ನಿಂತಿತು. ಮೇಲೆ, ಕೆಳಗೆ, ನಡುವೆ, ಎಲ್ಲ ಕಡೆ ಒಂದೇ ಸಮ, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಡುನಡುವೆ ಲಾರಿಯೊಳಗೆ ಲೀಲಂಡ್ ಕೈ ತಿರುವಿ ಏನೋ ಕೇಳುವುದು, ಇವಳು ಬೆರಳು ತೋರಿಸಿ ಹೇಳುವುದು ಕಾಣುತ್ತಿತ್ತು. ಚರಂಡಿಯನ್ನೂ ಹೇಳಿಬಿಟ್ಟಿದ್ದಾಳೆ, ಪುಣ್ಯಾತ್ಗಿತ್ತಿ!

ನೀರು ಹೊಡೆದ ಮೇಲೆ ಎಲ್ಲ ಕಾರುಗಳೂ ನಿಧಾನವಾಗಿ ಸುತ್ತಿ ಮಣ್ಣು ತುಳಿದು ಗಟ್ಟಿ ಮಾಡಬೇಕು. ಅವಳಿನ್ನೂ ಲಾರಿಯಲ್ಲಿದ್ದಳು. 44ಕ್ಕೆ ನಾನು ಹತ್ತಿದೆ. ಮಂಡಿ ಸ್ಟೀರಿಂಗಿಗೆ ತಾಗುತ್ತಿತ್ತು, ಬೆನ್ನಿಗೆ ಅವಳ ಕುಶನ್ನು. ಹೆಬ್ಬೆರಳು ಹೊರಗೆ. ನಲವತ್ತು ಸುತ್ತು ಸುತ್ತಿದೆ. ಬೇರೆಯವರು ಎಲ್ಲೆಲ್ಲಿ ಹೋದರೋ ಗೊತ್ತಿಲ್ಲ, ನಾನು ಹಳೇ ಅಭ್ಯಾಸದಂತೆ ಒಳ ಅಂಚು ಬಿಟ್ಟು ಕದಲಲಿಲ್ಲ. ಮುಂದೆ ಅವಳ ಲಾರಿ, ಹಿಂದೆ ನಾನು. ಮಣ್ಣಿನ ವಾಸನೆ. ಕೈ ಒಂಚೂರೂ ನೋಯಲಿಲ್ಲ. ಬಹಳ ಸುಖವಾಗಿತ್ತು.

ಇಳಿದೆ. ಹೆಲ್ಮೆಟ್ ಅವಳಿಗೆ ಕೊಟ್ಟೆ.

“ನೀನು ಓಡಿಸ್ತೀನಿ ಅಂದಿದ್ದೆ” ಅಂದಳು.

“ಸೀಟು ಹಿಂದಕ್ಕೆ ಹಾಕೋಕೆ ಈಗ ಎಲ್ಲಿದೆ ಟೈಮು? ಹತ್ತು ಬೇಗ.”

ಹೆಲ್ಮೆಟ್ ಹಾಕಿಕೊಂಡಳು.

ಯಾರು ಎಲ್ಲಿಂದ ಹೊರಡಬೇಕೆಂದು ಎತ್ತಿದ ಚೀಟಿಯಲ್ಲಿ ಅವಳಿಗೆ ಆರನೇ ಜಾಗ ಬಂತು. ಲೀಲಂಡ್‌ಗೆ ಎರಡನೆಯದು. ಇಪ್ಪತ್ತೈದು ಸುತ್ತು. ಹತ್ತರ ಹೊತ್ತಿಗೆ ಲೀಲಂಡ್ ಮುಂದೆ, ಹದಿನೈದಕ್ಕೆ ಇವಳು ಅವನ ಹಿಂದೆ. ಮೂರನೇ ತಿರುವಿನಲ್ಲಿ ಮೇಲೆ ಹೋದಳು. ಲೀಲಂಡ್ ಮೊದಲೇ ಅಲ್ಲಿದ್ದ! ಲಾರಿಯಲ್ಲಿ ಕೂತು ಕಲಿತಿದ್ದನಲ್ಲ. ಪ್ರತಿ ಸುತ್ತೂ ಅವಳ ಜಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡ ಹಾಗೆ ನಿಲ್ಲುತ್ತಿದ್ದ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ನಾನು ಬೇಲಿಯ ತಂತಿ ಹಿಡಿದು, “ಕೆಳಗೇ! ಕೆಳಗೆ ಹಿಡಿಯೇ!” ಅಂತ ಕಿರುಚಿಕೊಂಡೆ. ಅವಳಿಗೆ ಕೇಳಿಸುವುದಿಲ್ಲ ಅಂತ ಗೊತ್ತು. ಇಪ್ಪತ್ತೇಳು ವರ್ಷ ಕೆಳಗಿನ ಸಾಲು ಹಿಡಿದ ಅಭ್ಯಾಸ.

ಕೊನೆಯ ಸುತ್ತು. ಮೂರನೇ ತಿರುವು. ಲೀಲಂಡ್ ಮೇಲೆ ಹೋದ. ಅವಳೂ ಮೇಲೆ ಹೋಗುವವಳಂತೆ ಕಾರಿನ ಮೂತಿ ತಿರುಗಿಸಿ, ಸರ್ರನೆ ಕೆಳಗಿಳಿದಳು. ಒಳ ಅಂಚಿಗೆ. ನಾನು ನಲವತ್ತು ಸುತ್ತು ತುಳಿದ ಸಾಲಿಗೆ. ಮಣ್ಣು ಅವಳ ಚಕ್ರವನ್ನು ಹಿಡಿದುಕೊಂಡಿತು. ನಾಲ್ಕನೇ ತಿರುವಿನಿಂದ ಹೊರಗೆ ಬರುವಾಗ ಎರಡು ಕಾರೂ ಜೋಡಿ. ಗೆರೆ ದಾಟುವಾಗ 44 ಅರ್ಧ ಕಾರಿನಷ್ಟು ಮುಂದೆ.

ಅರ್ಧ ಕಾರು!

ಬೇಲಿ ಹಾರಿದೆ. ಈ ವಯಸ್ಸಿನಲ್ಲಿ, ಈ ಕೈಯಲ್ಲಿ. ಪಿಟ್ಟಿನ ಬಾಯಲ್ಲಿ ತೋಳು ಚಾಚಿಕೊಂಡು ನಿಂತೆ. ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಪಕ್ಕದಲ್ಲೇ, ನನ್ನ ಬೂಟಿನ ಮೇಲೆ ಕೆಸರು ಹಾರಿಸಿ, ಸೀದಾ ತೂಕದ ಕಟ್ಟೆಗೆ ಹೋದಳು. ಆಗ ನನಗೆ ನೆನಪಾಯಿತು. ಹಿಂದಕ್ಕೆ ಓಡಿ ಕಾರಿನ ಹತ್ತಿರ ಬರುತ್ತಿದ್ದವರನ್ನೆಲ್ಲ ತಳ್ಳಿದೆ. “ಮುಟ್ಬೇಡ್ರೋ! ಯಾರೂ ಮುಟ್ಬೇಡ್ರೋ! ಇನ್ನೂ ತೂಕ ಆಗಿಲ್ಲ!” ಗಸ್ ಅಪ್ಪಿಕೊಳ್ಳಲು ಬಂದ, ಅವನನ್ನೂ ತಳ್ಳಿದೆ.

ತೂಕದವನು ಕನ್ನಡಕ ಒರೆಸಿಕೊಂಡ. ಹಾಕಿಕೊಂಡ. ನೋಡಿದ. ಆ ಮನುಷ್ಯ ಯಾವಾಗಲೂ ಹಾಗೇ.

“ಮೂರು ಸಾವಿರದ ಹನ್ನೊಂದು. ಸರಿ ಇದೆ.”

ರೇಸಿನ ಕಾರಿಗೆ ಬಾಗಿಲು ತೆರೆಯುವುದಿಲ್ಲ, ಅವಳು ಕಿಟಕಿಯಿಂದ ಹೊರಗೆ ಬಂದಳು. ಧೂಳಿನ ಕನ್ನಡಕ ತೆಗೆದಾಗ ಕಣ್ಣಿನ ಸುತ್ತ ಬಿಟ್ಟು ಮುಖವೆಲ್ಲ ಮಣ್ಣು. ಹನ್ನೆರಡು ವರ್ಷದಿಂದ ಗೆದ್ದ ಮೇಲೆ ಟ್ರ್ಯಾಕಿನಲ್ಲಿ ನನ್ನಿಂದ ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

“ಈಗ ಬಾ” ಅಂದಳು.

ಹೋದೆ. ಬಾಯಲ್ಲೆಲ್ಲ ಮಣ್ಣಾಯಿತು.

ಲೀಲಂಡ್ ಬಂದು ಅವಳ ಕೈ ಕುಲುಕಿದ. “ಕೆಳಗಿನ ಸಾಲು ನಿಮಗೆ ಯಾರು ಹೇಳಿಕೊಟ್ರು?” ಅಂದ.

“ಇಪ್ಪತ್ತೇಳು ವರ್ಷದಿಂದ ಒಬ್ಬರು ಕಿರುಚ್ತಾನೇ ಇದ್ರು” ಅಂದಳು. “ಒಂದಿನ ಕೇಳೋಣ ಅನ್ನಿಸ್ತು.”

1987 ಏಪ್ರಿಲ್ 10

ಹೊಸ ಪುಸ್ತಕ. ನಿನ್ನೆ ಈ ವರ್ಷದ ಸಭೆ. ಡೆಲ್ಬರ್ಟ್ ಬಿಟ್ಟು ಹೋಗಿದ್ದಾನೆ, ಲಾರಿಗೆ ಆಳಿಲ್ಲ. ನಾನು ಸುಮ್ಮನೆ ಕೈ ಎತ್ತಿದೆ. ಸಭೆಯಲ್ಲಿ ಗಲಾಟೆ. ಹೆಂಡತಿ ಕಾರು, ಗಂಡ ಲಾರಿ, ಎಲ್ಲಾದರೂ ಉಂಟಾ ಅಂತ.

ಲೀಲಂಡ್ ಎದ್ದು ನಿಂತ. “ವರ್ನ್‌ಗೇ ಕೊಡಿ ಲಾರಿ. ನೀರು ಎಲ್ಲಿ ಹೊಡೀಬೇಕು ಅಂತ ಆ ಮನುಷ್ಯನಿಗೆ ಇಪ್ಪತ್ತೇಳು ವರ್ಷದಲ್ಲಿ ಗೊತ್ತಾಗಿಲ್ಲ. ಯಾರಿಗೂ ಅನುಕೂಲ ಆಗಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅರ್ಲಿಸ್ ಕಣ್ಣೊರೆಸಿಕೊಂಡು ನಕ್ಕಳು. ಒಮ್ಮತದಿಂದ ಪಾಸಾಯಿತು.

ಕಾರು 44. ಚಾಲಕಿ ಅರ್ಲಿಸ್ ಸ್ಕಾಲಾ.

ನೀರಿನ ಲಾರಿ: ವರ್ನ್ ಸ್ಕಾಲಾ. ಇವತ್ತು ಮಧ್ಯಾಹ್ನ ಮೊದಲ ಸಲ ಹೊಡೆದು ನೋಡಿದೆ. ಮೂರನೇ ತಿರುವಿನಲ್ಲಿ ಹೆಚ್ಚಾಯಿತಂತೆ. ಚರಂಡಿ ವಿಷಯ ಮತ್ತೆ ಮೊದಲಿಂದ ಹೇಳಿದಳು. ಈ ಸಲ ಪೂರ್ತಿ ಬರೆದುಕೊಂಡೆ, ಮುಂದಿನ ಪುಟದಲ್ಲಿದೆ. ಲಾರಿಯ ಸೀಟನ್ನು ಹಿಂದಕ್ಕೆ ಸರಿಸಬೇಕು, ನನ್ನ ಕಾಲು ಉದ್ದ.